ಬರೆಯಲು ಕಲಿಸುವವರಾರು?

ಪರರ ಬರಹವನ್ನು ತನ್ನದೆಂದು ಒಪ್ಪಿಸುವ ಸಂಶೋಧಕನಿಗೆ ವಿಶ್ವವಿದ್ಯಾನಿಲಯ ಅನುದಾನ ಆಯೋಗವು ೨೦೧೮ರಲ್ಲಿ ದಂಡನೆಯನ್ನು ಗೊತ್ತುಪಡಿಸಿತು. ಹೋಲಿಕೆಯು ಶೇಕಡಾ ೬೦ನ್ನು ಮೀರಿದರೆ ನೋಂದಣಿಯೇ ರದ್ದು. ನಿಯಮವು ಯುಕ್ತವೇ, ಆದರೆ ಬರೆಯುವ ಬಗೆಯನ್ನು ಕಲಿಸದೆ ದಂಡಿಸುವುದು ನ್ಯಾಯವೆ? ಟಿಪ್ಪಣಿಗಳನ್ನು ಬಾಯಿಪಾಠಮಾಡಿ ಪದವಿ ಪಡೆದವನು ಒಮ್ಮೆಲೇ ಪ್ರಬಂಧಕಾರನಾಗಲಾರನು.

ಹತ್ತೊಂಬತ್ತನೆಯ ಶತಮಾನದಲ್ಲಿ ಬರ್ಲಿನ್ನಿನ ಇತಿಹಾಸಾಚಾರ್ಯ ರಾಂಕೆಯವರು ಕೆಲವೇ ಶಿಷ್ಯರನ್ನು ಮನೆಗೆ ಕರೆದು, ಮೂಲ ದಾಖಲೆಗಳನ್ನು ಶೋಧಿಸಿ ಅವರು ಬರೆದುದನ್ನು ಎಲ್ಲರೆದುರು ವಿಮರ್ಶಿಸುತ್ತಿದ್ದರು. ಸೆಮಿನಾರೆಂದರೆ ಇದು: ಬರೆಯುವುದು, ಆಧಾರವೆಲ್ಲಿಯದೆಂಬ ಪ್ರಶ್ನೆಗೆ ಉತ್ತರಕೊಡುವುದು, ತಿದ್ದಿ ಮತ್ತೆ ಬರೆಯುವುದು.

೨೦೧೯ರಲ್ಲಿ ಆಯೋಗವು ಪಿಎಚ್.ಡಿ. ವಿದ್ಯಾರ್ಥಿಗಳಿಗೆ ೩೦ ಗಂಟೆಗಳ ಸಂಶೋಧನಾನೀತಿಯ ಪಾಠವನ್ನು ಕಡ್ಡಾಯಗೊಳಿಸಿತು. ಆ ಹೊತ್ತಿಗೆ ನಕಲಿನ ಅಭ್ಯಾಸವು ಬೇರೂರಿರುತ್ತದೆ. ಈ ಶಿಕ್ಷಣವು ಪದವಿ ತರಗತಿಯಲ್ಲಿಯೇ ಮೊದಲಾಗಬೇಕೆಂದು ನಾವು ಅಧಿಕಾರಿಗಳನ್ನು ಒತ್ತಾಯಪಡಿಸುತ್ತೇವೆ.