ಅಂಗಳದ ನೆಲಹಾಸಿಗೆ ಎಷ್ಟು ಇಟ್ಟಿಗೆ?

ಗೋದಾಮಿನ ಮುಂದಿನ ಅಂಗಳಕ್ಕೆ ಇಟ್ಟಿಗೆ ಹಾಸಿಸುವವರು ದರಪಟ್ಟಿ ತರಿಸುವ ಮುನ್ನ ಸಂಖ್ಯೆಯನ್ನು ತಾವೇ ಲೆಕ್ಕ ಹಾಕುವುದು ಲೇಸು.

230×110×70 ಮಿ.ಮೀ. ಅಳತೆಯ ಇಟ್ಟಿಗೆಯನ್ನು ಮಲಗಿಸಿ ಹಾಸಿದರೆ, 10 ಮಿ.ಮೀ. ಗಾರೆಯ ಸಂದು ಸೇರಿ, ಅದು 240×120 ಮಿ.ಮೀ., ಅಂದರೆ 0.0288 ಚದರ ಮೀಟರ್ ಜಾಗವನ್ನು ಆವರಿಸುತ್ತದೆ. 10×6 ಮೀಟರ್ ಅಂಗಳದ 60 ಚದರ ಮೀಟರನ್ನು ಇದರಿಂದ ಭಾಗಿಸಿದರೆ 2,084 ಇಟ್ಟಿಗೆಗಳು. ಭಾರದ ವಾಹನಗಳಿಗಾಗಿ ಅಂಚಿನ ಮೇಲೆ ನಿಲ್ಲಿಸಿ ಹಾಸಿದರೆ ಪ್ರತಿಯೊಂದೂ ಆವರಿಸುವುದು 240×80 ಮಿ.ಮೀ. ಮಾತ್ರ, ಆಗ ಬೇಕಾಗುವುದು 3,125. ಒಡಕಿಗೆಂದು ಶೇ. 5ರಷ್ಟು ಸೇರಿಸಿದರೆ ಕ್ರಮವಾಗಿ 2,189 ಮತ್ತು 3,282.

ಆದುದರಿಂದ ಹಾಸುವ ಕ್ರಮವನ್ನು ನಮೂದಿಸದ ದರಪಟ್ಟಿಗಳನ್ನು ಹೋಲಿಸುವುದು ನಿರರ್ಥಕ. ಸ್ಥಿರಾಸ್ತಿಯ ಮೌಲ್ಯಕ್ಕೆ ಸೇರಿಸಿದ ಇಂತಹ ಸ್ವಂತ ನಿರ್ಮಾಣಕ್ಕೆ ಜಿಎಸ್‌ಟಿ ಕಾಯ್ದೆಯ 17(5)ನೇ ಕಲಮಿನನ್ವಯ ಸಾಮಾನ್ಯವಾಗಿ ಇನ್‌ಪುಟ್ ತೆರಿಗೆ ಜಮೆ ದೊರೆಯದು. ಮಿಕ್ಕುಳಿದ ಇಟ್ಟಿಗೆಯ ಬೆಲೆಯೊಡನೆ ಅದರ ತೆರಿಗೆಯೂ ವರ್ತಕನ ಮೇಲೆಯೇ ಬೀಳುತ್ತದೆ.