ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರು, ತಪ್ಪಿಹೋದ ನಿಕಾಹ್

2022ರ ನವೆಂಬರ್ ಕೊನೆಗೆ ದುಬೈಯಲ್ಲಿ ಅಣ್ಣನ ಮಗಳ ನಿಕಾಹ್. ವಿಸಿಟ್ ವೀಸಾ, ಟಿಕೆಟ್ ಎರಡೂ ಕೈಯಲ್ಲಿತ್ತು. ಯಶವಂತನಗರದಿಂದ ಹೊರಡಲು ಬ್ಯಾಗ್ ಕಟ್ಟಿ ಆಗಿತ್ತು. ಅಷ್ಟರಲ್ಲಿ ಮಂಗಳೂರಿನ ಟ್ರಾವೆಲ್ಸ್‌ನಿಂದ ಫೋನ್: "ಉಸ್ತಾದ್, ಪಾಸ್‌ಪೋರ್ಟಿನಲ್ಲಿ ನಿಮ್ಮ ಹೆಸರು ಒಂದೇ ಪದ ಉಂಟು, ಸರ್‌ನೇಮ್ ಖಾಲಿ. ವಿಮಾನ ಹತ್ತಲು ಬಿಡುವುದಿಲ್ಲ."

ಆ ನವೆಂಬರ್ 21ರಿಂದ ಒಂಟಿ ಹೆಸರಿನ ಪಾಸ್‌ಪೋರ್ಟಿಗೆ ವಿಸಿಟ್ ವೀಸಾದಲ್ಲಿ ಪ್ರವೇಶವಿಲ್ಲ ಎಂದು ಯುಎಇ ಹೇಳಿತ್ತು. ಅಲ್ಲಿನ ರೆಸಿಡೆನ್ಸ್ ಇದ್ದವರಿಗೆ ಮಾತ್ರ ವಿನಾಯಿತಿ. ಎರಡನೇ ಪುಟದಲ್ಲಿ ತಂದೆಯ ಹೆಸರಿದ್ದರೆ ಸಾಕು ಎಂಬ ಸ್ಪಷ್ಟನೆ ಆಮೇಲೆ ಬಂತು. ಅಷ್ಟರಲ್ಲಿ ನನ್ನ ಟಿಕೆಟ್ ಹೋಗಿತ್ತು. ನಿಕಾಹ್ ನೋಡಿದ್ದು ಮೊಬೈಲ್‌ನಲ್ಲಿ.

ತಪ್ಪು ನನ್ನದೇ. ನಮ್ಮವರ ಹೆಸರಿನ ಮುಂದೆ ಊರಿನದ್ದೋ ತಂದೆಯದ್ದೋ ಒಂದು ಇನಿಶಿಯಲ್ ಇರುತ್ತದೆ. ಪಾಸ್‌ಪೋರ್ಟಿನಲ್ಲಿ ಇನಿಶಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ನಾನು ಅದನ್ನು ಬಿಟ್ಟೇ ಬಿಟ್ಟಿದ್ದೆ.

ಒಂದು ವಿಷಯ ತಿಳಿದಿರಲಿ. ಪಾಸ್‌ಪೋರ್ಟಿನಲ್ಲಿ ಹೆಸರು, ವಿಳಾಸ, ಜನ್ಮದಿನಾಂಕ ಯಾವುದನ್ನೂ ತಿದ್ದಿ ಕೊಡುವುದಿಲ್ಲ. ರೀಇಶ್ಯೂಗೆ ಅರ್ಜಿ ಹಾಕಿ ಹೊಸ ಪುಸ್ತಕವನ್ನೇ ಪಡೆಯಬೇಕು. ದೊಡ್ಡವರಿಗೆ 36 ಪುಟದ್ದಕ್ಕೆ 1500 ರೂಪಾಯಿ, ತತ್ಕಾಲ್ ಆದರೆ ಇನ್ನೂ 2000. ಅರ್ಜಿ ಸರಕಾರದ ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲೇ ಹಾಕಿ, ಅದೇ ತರಹ ಕಾಣುವ ನಕಲಿಗಳೂ ಇವೆ. ಸಂಶಯ ಇದ್ದರೆ 1800-258-1800ಕ್ಕೆ ಕರೆ ಮಾಡಿ. ಸಂಡೂರು, ಹೊಸಪೇಟೆ ಕಡೆಯವರು ಬೆಂಗಳೂರಿಗೆ ಓಡಬೇಕಾಗಿಲ್ಲ, ಬಳ್ಳಾರಿ ಅಂಚೆ ಕಚೇರಿಯಲ್ಲೇ ಸೇವಾ ಕೇಂದ್ರ ಇದೆ. ಹಳೇ ಪುಸ್ತಕದಲ್ಲಿ ವೀಸಾ ಬಾಕಿ ಇದ್ದರೆ ಎಸೆಯಬೇಡಿ. ರದ್ದು ಮಾಡಿ ವಾಪಸ್ ಕೊಟ್ಟದ್ದನ್ನು ಹೊಸದರ ಜೊತೆ ಇಟ್ಟುಕೊಳ್ಳಿ.

ಆದರೆ ಮೊದಲು ಆಧಾರ್ ಮತ್ತು ಉಳಿದ ದಾಖಲೆಗಳಲ್ಲಿ ಹೆಸರು ಒಂದೇ ತರಹ ಮಾಡಿಸಿ, ಪಾಸ್‌ಪೋರ್ಟ್ ಆಮೇಲೆ. ವಿಳಾಸದ್ದೂ ನೋಡಿ: 2021ರಲ್ಲಿ ವಿಜಯನಗರ ಜಿಲ್ಲೆಯಾದ ಮೇಲೆ ಹೊಸಪೇಟೆ ಆ ಕಡೆ ಹೋಯಿತು, ನಮ್ಮ ಸಂಡೂರು ಬಳ್ಳಾರಿಯಲ್ಲೇ ಉಳಿಯಿತು. ಸುಳ್ಳು ವಿವರ ಮಾತ್ರ ಕೊಡಬೇಡಿ. 1967ರ ಪಾಸ್‌ಪೋರ್ಟ್ ಕಾಯ್ದೆಯಲ್ಲಿ ಅದಕ್ಕೆ ಎರಡು ವರ್ಷದವರೆಗೆ ಜೈಲು ಇದೆ.

ಹೆಣ್ಣುಮಕ್ಕಳ ವಿಷಯ. ಮದುವೆಯಾದ ತಕ್ಷಣ ಗಂಡನ ಹೆಸರು ಸೇರಿಸಲೇಬೇಕು ಅಂತ ಕೆಲವು ಮನೆಗಳಲ್ಲಿ ಅವಸರ ಮಾಡುತ್ತಾರೆ. ಕಾನೂನಿನಲ್ಲಿ ಹಾಗೇನೂ ಇಲ್ಲ. ತಂದೆಯ ಹೆಸರಲ್ಲೇ ಮುಂದುವರಿಯುವುದು ನಮ್ಮ ದೀನಿಗೂ ಸರಿ.

ಮದ್ರಸದ ರಿಜಿಸ್ಟರ್ ಬರೆಯುವಾಗ ನಾನು ದಿನಾ ನೋಡುತ್ತೇನೆ. ಒಬ್ಬನೇ ಹುಡುಗ ನಮ್ಮಲ್ಲಿ ಮುಹಮ್ಮದ್, ಶಾಲೆಯಲ್ಲಿ ಮಹಮ್ಮದ್, ಆಧಾರ್‌ನಲ್ಲಿ ಮೊಹಮ್ಮದ್. ಇಂಗ್ಲಿಷಿನ ಸ್ಪೆಲ್ಲಿಂಗೂ ಮೂರು. ಇವತ್ತು ಯಾರಿಗೂ ತೊಂದರೆ ಇಲ್ಲ, ಇಪ್ಪತ್ತು ವರ್ಷ ಕಳೆದು ಅವನು ಗಲ್ಫ್‌ಗೋ ಹಜ್‌ಗೋ ಹೊರಟಾಗ ತಿಳಿಯುತ್ತದೆ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದ ಮಕ್ಕಳಿಗೆ ಪಾಸ್‌ಪೋರ್ಟ್ ಮಾಡಿಸಲು ಜನ್ಮದಿನಾಂಕಕ್ಕೆ ಜನನ ಪ್ರಮಾಣಪತ್ರ ಒಂದೇ ದಾಖಲೆ.

ಏಳನೇ ದಿನ ಹೆಸರಿಡುತ್ತೇವೆ, ಜನನ ನೋಂದಣಿಗೆ 21 ದಿನ ಸಮಯವಿದೆ. ಹೆಸರಿಟ್ಟ ದಿನವೇ ಪೂರ್ತಿ ಹೆಸರನ್ನು ಕನ್ನಡ, ಇಂಗ್ಲಿಷ್ ಎರಡರಲ್ಲೂ ಒಂದು ಚೀಟಿಯಲ್ಲಿ ಬರೆದಿಡಿ. ಆಸ್ಪತ್ರೆ, ಅಂಗನವಾಡಿ, ಶಾಲೆ, ಮದ್ರಸ ಎಲ್ಲಿ ಕೇಳಿದರೂ ಆ ಚೀಟಿಯನ್ನೇ ತೋರಿಸಿ.