ಸಾಣೆ ಹಿಡಿದ ಕ್ಯಾಮ್‌ಶಾಫ್ಟ್

ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ಕಡೆ ಹಳೆಯ ಅಂಬಾಸಿಡರ್ ಕಾರನ್ನು ಮಾರಲೊಲ್ಲದೆ ಇಟ್ಟುಕೊಂಡವರು ಇನ್ನೂ ಇದ್ದಾರೆ. ಆ ಕಾರಿನ ತಯಾರಿಕೆ 2014ರಲ್ಲಿಯೇ ನಿಂತುಹೋಯಿತು. ಹೀಗಾಗಿ ಅದರ ಹಳೆಯ 1489 ಸಿ.ಸಿ. ಪೆಟ್ರೋಲ್ ಎಂಜಿನ್ ಬಿಚ್ಚಿದಾಗ, ಸವೆದ ಕ್ಯಾಮ್‌ಶಾಫ್ಟನ್ನೇ ಸಾಣೆ ಹಿಡಿಸಿ ಹಾಕೋಣವೆಂಬ ಮಾತು ಬರುತ್ತದೆ. ನಾನು ಇತಿಹಾಸದ ವಿದ್ಯಾರ್ಥಿ; ಆದರೆ ನಮ್ಮ ತಂದೆಯವರು ಮೋಟಾರು ಮೇಸ್ತ್ರಿಗಳಾದ್ದರಿಂದ ಈ ಚರ್ಚೆ ನನಗೆ ಹೊಸದಲ್ಲ.

ಕ್ಯಾಮ್‌ಶಾಫ್ಟ್ ಎಂಬುದು ಎಂಜಿನ್ನಿನ ಹೊಟ್ಟೆಯೊಳಗೆ ತಿರುಗುವ ದಂಡ. ಕ್ರ್ಯಾಂಕ್ ಎರಡು ಸುತ್ತು ಸುತ್ತಿದರೆ ಇದು ಒಂದು ಸುತ್ತು. ಇದರ ಮೈಮೇಲೆ ವಾಲ್ವಿಗೊಂದರಂತೆ ಮೊಟ್ಟೆಯಾಕಾರದ ಎಂಟು ಉಬ್ಬುಗಳಿವೆ. ಉಬ್ಬು ಟ್ಯಾಪೆಟ್ಟನ್ನು ಎತ್ತುತ್ತದೆ, ಟ್ಯಾಪೆಟ್ ಪುಶ್‌ರಾಡನ್ನು, ಅದು ರಾಕರನ್ನು. ಆಗ ವಾಲ್ವ್ ತೆರೆಯುತ್ತದೆ. ಉಬ್ಬಿನ ತುದಿ ಸವೆದರೆ ವಾಲ್ವ್ ಪೂರ್ತಿ ತೆರೆಯದು, ಎಂಜಿನ್ನಿಗೆ ಉಸಿರು ಸಾಲದು.

ಸಾಣೆಗೆ ಲೋಹವನ್ನು ತೆಗೆಯುವುದು ಗೊತ್ತೇ ಹೊರತು ಕೂಡಿಸುವುದು ಗೊತ್ತಿಲ್ಲ. ಆದ್ದರಿಂದ ತುದಿ ಅರ್ಧ ಮಿ.ಮೀ. ತಗ್ಗಿದ್ದರೆ ಬುಡದ ದುಂಡನ್ನೂ ಅರ್ಧ ಮಿ.ಮೀ. ಇಳಿಸಿ ಮೊದಲಿನ ಎತ್ತರವನ್ನು ಪಡೆಯುತ್ತಾರೆ. ಟ್ಯಾಪೆಟ್ ಅಷ್ಟು ಕೆಳಗೆ ಕೂರುತ್ತದೆ. ರಾಕರಿನ ಸ್ಕ್ರೂ ತಿರುಗಿಸಿ ಸರಿಮಾಡಬಹುದು. ಹಾಗಾದರೆ ಅಂಜಿಕೆ ಏತಕ್ಕೆ?

ಅಂಜಿಕೆ ಇರುವುದು ಚರ್ಮದ ವಿಷಯದಲ್ಲಿ. ಉಬ್ಬುಗಳ ಮೇಲ್ಪದರವನ್ನು ಮಾತ್ರ ಗಡಸು ಮಾಡಿರುತ್ತಾರೆ. ಅದನ್ನು ದಾಟಿ ಅರೆದರೆ ಮೆತ್ತನೆಯ ಲೋಹ ಹೊರಬೀಳುತ್ತದೆ, ಮತ್ತು ಅದೂ ಕನ್ನಡಿಯಂತೆ ಹೊಳೆಯುತ್ತದೆ! ಮಸ್ಕಿಯ ಅಶೋಕನ ಬಂಡೆ ಒಳಗೂ ಕಲ್ಲೇ; ಈ ದಂಡ ಹಾಗಲ್ಲ. ಸಾಲದ್ದಕ್ಕೆ, ಬುಡ ಚಿಕ್ಕದಾದಷ್ಟೂ ಉಬ್ಬಿನ ಮೂಗು ಚೂಪಾಗಿ ಅದರ ಮೇಲಿನ ಒತ್ತಡ ಹೆಚ್ಚುತ್ತದೆ.

ಇನ್ನು ಟ್ಯಾಪೆಟ್. ಇಂಥ ಎಂಜಿನ್ನುಗಳಲ್ಲಿ ಅದು ಕೆಲಸ ಮಾಡುತ್ತಲೇ ತನ್ನ ಸುತ್ತ ತಾನು ತಿರುಗಬೇಕು. ಆಗಲೇ ಸವೆತ ಹಂಚಿಹೋಗುವುದು. ಮುಖ ತಗ್ಗಾದ ಹಳೆಯ ಟ್ಯಾಪೆಟ್ ತಿರುಗದೆ ಒಂದೇ ಗೆರೆಯನ್ನು ಉಜ್ಜುತ್ತದೆ. ಸಾಣೆ ಹಿಡಿದ ದಂಡಕ್ಕೆ ಅದನ್ನೇ ಹಾಕುವುದು ಉಳಿತಾಯವಲ್ಲ, ದುಂದು.

ಮೊದಲ ಸಲ ಚಾಲೂ ಮಾಡುವಾಗಲೂ ಎಚ್ಚರ ಬೇಕು. ಉಬ್ಬುಗಳಿಗೆ ಪೇಸ್ಟ್ ಸವರಿ, ಮಿನಿಟಿಗೆ ಸುಮಾರು 2000 ಸುತ್ತಿನಲ್ಲಿ ಇಪ್ಪತ್ತು ಮಿನಿಟು ಓಡಿಸಬೇಕು. ನಿಧಾನಗತಿಯಲ್ಲಿ ಬಿಟ್ಟರೆ ಉಬ್ಬುಗಳಿಗೆ ಎಣ್ಣೆ ಸಾಕಷ್ಟು ಸಿಡಿಯದು. ಹೊಸ ಕಾರುಗಳ ಎಣ್ಣೆಯಲ್ಲಿ, ಹೊಗೆ ಶುದ್ಧಿಮಾಡುವ ಸಾಧನ ಕೆಡದಿರಲೆಂದು, ಸತು-ರಂಜಕಗಳ ಅಂಶವನ್ನು ತಗ್ಗಿಸಿದ್ದಾರೆ; ಹಳೆಯ ಟ್ಯಾಪೆಟ್ಟುಗಳಿಗೆ ಬೇಕಾದದ್ದು ಅದೇ.

ಎರಡು ವರ್ಷದ ಹಿಂದೆ ಗಿರಾಕಿಯೊಬ್ಬರು ದೂರದ ಊರಿನಲ್ಲಿ ಸಾಣೆ ಹಿಡಿಸಿ ತಂದ ದಂಡವನ್ನು ನಮ್ಮಲ್ಲಿ ಕೂರಿಸಿದರು. ಮೂರೇ ವಾರದಲ್ಲಿ ಎರಡು ಉಬ್ಬುಗಳು ಸವೆದು, ಅವುಗಳ ಪುಡಿ ಎಣ್ಣೆಯಲ್ಲಿ ಬೆರೆತು ಹೊಸ ಬೇರಿಂಗುಗಳನ್ನೂ ತಿಂದಿತು. ಎಂಜಿನ್ನನ್ನು ಮತ್ತೆ ಪೂರಾ ಬಿಚ್ಚಬೇಕಾಯಿತು. ಆ ಕೂಲಿಯನ್ನು ನಮ್ಮ ತಂದೆಯವರು ಕೇಳಲಿಲ್ಲ, ಗಿರಾಕಿ ಕೊಡಲೂ ಇಲ್ಲ. ಅಂದಿನಿಂದ ಒಂದೊಂದು ಉಬ್ಬಿನ ಗಡಸುತನವನ್ನೂ ಯಂತ್ರದಲ್ಲಿ ಅಳೆದು ಬರೆದ ಚೀಟಿ ಬಾರದೆ ಅವರು ಅಂಥ ದಂಡವನ್ನು ಮುಟ್ಟುವುದಿಲ್ಲ. ಚೀಟಿಯನ್ನು ಓದಿ ಹೇಳುವ ಕೆಲಸ ನನ್ನದು.